ಪಾಲಿಷ್ ಹೊಡೆದರು, ಫೋನ್ ನಂಬರಿನ ಬಾಲ ಹೋಯ್ತು!

ದಾವಣಗೆರೆ ಮಂಡಿಪೇಟೆಯ ಸಾಹುಕಾರರೊಬ್ಬರ ಹತ್ತಿರ ಒಂದು ಬಿಳಿ ಓಮ್ನಿ ಗಾಡಿ ಇದೆ. ಎರಡೂ ಮಗ್ಗುಲಿಗೆ ಕೆಂಪಕ್ಷರದಲ್ಲಿ ಅಂಗಡಿಯ ಹೆಸರು, ಅದರ ಕೆಳಗೊಂದು ಹಸಿರು ಪಟ್ಟಿ, ಪಟ್ಟಿಯ ಕೆಳಗೆ ಫೋನ್ ನಂಬರು. ಹೋದ ಸಲ ಆಯುಧಪೂಜೆಗೆ ನಾಲ್ಕು ದಿನ ಇದೆ ಅನ್ನುವಾಗ ಗಾಡಿ ಪಾಲಿಷ್‌ಗೆ ಹೋಯಿತು. ಸಂಜೆ ವಾಪಸ್ ಬಂದಾಗ ಮುಖ ನೋಡಿಕೊಂಡು ತಲೆ ಬಾಚಬಹುದು, ಹಾಗೆ ಹೊಳೀತಿತ್ತು. ಪೂಜೆ ಆಯಿತು, ಬೂದುಗುಂಬಳ ಒಡೆದದ್ದೂ ಆಯಿತು.

ಹದಿನೈದು ದಿನ ಕಳೆದ ಮೇಲೆ ಹಳ್ಳಿ ಕಡೆಯ ಹಳೇ ಗಿರಾಕಿಯೊಬ್ಬರು ಅಂಗಡಿಗೆ ಬಂದು ಕೂತು, “ಅಲ್ರಿ ಸಾಹುಕಾರ್ರೆ, ನಿಮ್ಮ ಗಾಡಿ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿದ್ರೆ ಹೋಗೋದೇ ಇಲ್ವಲ್ಲ?” ಅಂದರು. ಸಾಹುಕಾರರು ಹೊರಗೆ ಬಂದು ಎಡ ಮಗ್ಗುಲಿನ ನಂಬರನ್ನು ಬೆರಳಿಟ್ಟು ಎಣಿಸಿದರು. ಒಂಬತ್ತೇ ಅಂಕಿ. ಕೊನೆಯ 7 ಪಾಲಿಷ್ ಮಿಷನ್ನಿನ ಉಣ್ಣೆ ಚಕ್ರಕ್ಕೆ ಸಿಕ್ಕಿ ಎಲ್ಲಿಗೋ ಹಾರಿಹೋಗಿತ್ತು. ಹಾಗೇ ಕಣ್ಣು ಮೇಲೆತ್ತಿದರೆ ಅಂಗಡಿ ಹೆಸರಿನ ಅಕ್ಷರಗಳ ಸುತ್ತ ಸುಣ್ಣ ಬಳಿದ ಹಾಗೆ ಬಿಳೀ ಗೆರೆ, ಹಸಿರು ಪಟ್ಟಿಯ ಒಂದು ತುದಿ ಎದ್ದು ನಿಂತು ಗಾಳಿಗೆ ಪಟಪಟ ಅಂತಿದೆ.

ಪಾಲಿಷ್ ಅಂಗಡಿಗೆ ಹೋದರೆ, “ಅಣ್ಣಾ, ಸ್ಟಿಕರೇ ಕಳಪೆ ಮಾಲು. ನಮ್ಮ ಮಿಷನ್ದು ಏನೂ ತಪ್ಪಿಲ್ಲ.” ಸ್ಟಿಕರ್ ಅಂಗಡಿಗೆ ಹೋದರೆ, “ಯಜಮಾನ್ರೆ, ಮಿಷನ್ ತಂದು ಮ್ಯಾಲೆ ಬಿಟ್ರೆ ಯಾವ ಸ್ಟಿಕರ್ ಉಳಿತೈತ್ರಿ?” ಇಬ್ಬರ ನಡುವೆ ಮೂರು ಸಲ ಓಡಾಡಿದ ಸಾಹುಕಾರರು ಕೊನೆಗೆ ಇಬ್ಬರಿಗೂ ದುಡ್ಡು ಕೊಟ್ಟು ಮನೆಗೆ ಬಂದರು. ಇಬ್ಬರ ಹೆಸರನ್ನೂ ನಾವು ಹಾಕುತ್ತಿಲ್ಲ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ, ಮತ್ತು ಇಂಥ ಕಥೆ ಊರಿನ ಎಲ್ಲ ಓಣಿಯಲ್ಲೂ ಇದೆ.

ನವರಾತ್ರಿ ಬಂತೆಂದರೆ ನಮ್ಮಲ್ಲಿ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಪಾಲಿಷ್ ಯೋಗ. ಆದರೆ ಈಗಿನ ಗಾಡಿಗಳ ಮೈಯಲ್ಲಿ ಬಣ್ಣ ಎಷ್ಟಿದೆಯೋ ಸ್ಟಿಕರೂ ಅಷ್ಟೇ ಇದೆ. ಬಣ್ಣಕ್ಕೆ ಆಗುವ ಉಪಚಾರ ಸ್ಟಿಕರಿಗೆ ಆಗದು. ಇವೆರಡೂ ಸೇರುವ ಅಂಚು ಇದೆಯಲ್ಲ, ಅಲ್ಲೇ ನಮ್ಮ ಜನರ ದುಡ್ಡು ಸೋರಿಹೋಗುವುದು.

ರೇಡಿಯಂ ಅಲ್ಲದ ರೇಡಿಯಂ

ಮೊದಲೆಲ್ಲ ಕುಂಚ ಹಿಡಿದ ಪೇಂಟರು ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಇನಾಮಲ್ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಅಕ್ಷರಕ್ಕೊಂದು ನೆರಳು, ನೆರಳಿಗೊಂದು ಬಳ್ಳಿ. ಆ ಬರಹ ತಿಕ್ಕಿದರೆ ಮಂಕಾಗುತ್ತಿತ್ತೇ ಹೊರತು ಎದ್ದು ಬರುತ್ತಿರಲಿಲ್ಲ. ಕಂಪ್ಯೂಟರ್ ಕಟಿಂಗ್ ಬಂದ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಯಿತು. ಈಗ ಎಲ್ಲವೂ ‘ರೇಡಿಯಂ’. ಕ್ಯೂರಿ ದಂಪತಿ 1898ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದ ರೇಡಿಯಂಗೂ ನಮ್ಮ ಪಿ.ಬಿ. ರಸ್ತೆಯ ರೇಡಿಯಂಗೂ ಹೆಸರು ಬಿಟ್ಟರೆ ಬೇರೆ ನೆಂಟಸ್ತಿಕೆ ಇಲ್ಲ. ಇದು ವಿನೈಲ್, ಅಂದರೆ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ತೆಳು ಹಾಳೆ, ಬೆನ್ನಿಗೆ ಒತ್ತಿದರೆ ಹಿಡಿಯುವ ಅಂಟು. ರಾತ್ರಿ ಲೈಟಿಗೆ ಹೊಳೆಯುವ ಜಾತಿಯಲ್ಲಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ, ಅಷ್ಟೆ.

ಈ ಹಾಳೆಯಲ್ಲಿ ಎರಡು ಜಾತಿ. ಒಂದನ್ನು ಬಿಸಿ ರೋಲರುಗಳ ನಡುವೆ ಚಪಾತಿಯ ಹಾಗೆ ಒತ್ತಿ ಎಳೆದು ಮಾಡುತ್ತಾರೆ. ಎಳೆದದ್ದು ಯಾವತ್ತೂ ತನ್ನ ಮೊದಲಿನ ಗಾತ್ರಕ್ಕೆ ಹೋಗಲು ನೋಡುತ್ತಿರುತ್ತದೆ. ಬಿಸಿಲು ಬಿದ್ದಂತೆಲ್ಲ ಕುಗ್ಗುತ್ತದೆ. ಕುಗ್ಗಿದಾಗ ಅಂಚಿನಲ್ಲಿ ಅಂಟು ಬಯಲಾಗಿ, ಅದಕ್ಕೆ ಧೂಳು ಮೆತ್ತಿ, ಅಕ್ಷರದ ಸುತ್ತ ಕರೀ ಗೆರೆ ಮೂಡುತ್ತದೆ. ಇನ್ನೊಂದು ಜಾತಿಯನ್ನು ದೋಸೆ ಹಿಟ್ಟು ಹುಯ್ದ ಹಾಗೆ ದ್ರವವಾಗಿ ಹುಯ್ದು ಕಾಯಿಸಿ ಒಣಗಿಸುತ್ತಾರೆ. ಇದು ತೆಳು, ಕುಗ್ಗುವುದು ಕಡಿಮೆ, ಬಾಳಿಕೆ ಹೆಚ್ಚು. ಬೆಲೆಯೂ ಹೆಚ್ಚು, ಹಾಗಾಗಿ ನಮ್ಮ ಸಾಮಾನು ಗಾಡಿಗಳ ಮೇಲೆ ಅದು ಕಾಣುವುದು ಅಪರೂಪ. ಕಾಸ್ಟ್ ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಎರಡು ವರ್ಷಕ್ಕೆ ಸಾಕು ಅನ್ನುವವರಿಗೆ ಮೊದಲನೆಯದೇ ನಡೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಾನೆಟ್ ಮೇಲೆ, ಟಾಪಿನ ಮೇಲೆ ಅಂಟಿಸಿದ್ದು ಮಗ್ಗುಲಿನದಕ್ಕಿಂತ ಬೇಗ ಹೋಗುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ಬಣ್ಣ ಎಷ್ಟು ದಪ್ಪ?

ಪಾಲಿಷ್ ಅಂದರೆ ಎಣ್ಣೆ ಹಚ್ಚಿದ ಹಾಗೆ ಮೇಲೆ ಏನನ್ನೋ ಬಳಿಯುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ, ಪಾಲಿಷ್ ಅಂದರೆ ಉಜ್ಜಿ ತೆಗೆಯುವುದು. ರಬ್ಬಿಂಗ್ ಕಾಂಪೌಂಡಿನಲ್ಲಿ ಇರುವುದು ಬಲು ಸಣ್ಣ ಹರಳಿನ ಪುಡಿ. ಅದು ಬಣ್ಣದ ಮೇಲಿನ ಮಂಕಾದ, ಗೀರು ಬಿದ್ದ ಪದರವನ್ನು ತೆಗೆದುಹಾಕಿ ಕೆಳಗಿನ ಹೊಸ ಪದರವನ್ನು ತೋರಿಸುತ್ತದೆ. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ ಎಲ್ಲ ಪದರ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನೀವೇ ಲೆಕ್ಕ ಹಾಕಿ. ಅದರಲ್ಲಿ ಮೇಲಿನ ಗಾಜಿನಂಥ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದೀತು. ಕಾಂಪೌಂಡ್ ತಿಕ್ಕಿದ ಪ್ರತಿ ಸಲವೂ ಅದರಲ್ಲಿ ಸ್ವಲ್ಪ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಕಾಂಪೌಂಡ್ ಹೊಡೆಸುವವರು ತಮ್ಮ ಗಾಡಿಯ ಆಯುಷ್ಯವನ್ನು ದುಡ್ಡು ಕೊಟ್ಟು ಸವೆಸುತ್ತಿದ್ದಾರೆ.

ಕ್ಲಿಯರ್ ಕೋಟ್ ಇಲ್ಲದ ಬಣ್ಣವೂ ಉಂಟು, ಹಳೇ ಗಾಡಿಗಳಲ್ಲಿ, ಊರಿನ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ ಗಾಡಿಗಳಲ್ಲಿ. ಗುರುತು ಸುಲಭ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳೀ ಬಟ್ಟೆಗೆ ಚೂರು ಪಾಲಿಷ್ ಹಚ್ಚಿ ತಿಕ್ಕಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಬಂದರೆ ಕ್ಲಿಯರ್ ಇಲ್ಲ ಎಂದು ಅರ್ಥ. ಕೆಂಪು ಗಾಡಿಯ ಮೇಲೆ ಬಿಳೀ ಸ್ಟಿಕರ್ ಇದ್ದು ಅದೇ ಬಟ್ಟೆಯಲ್ಲಿ ಎರಡನ್ನೂ ಒರೆಸಿದಿರೋ, ಬಿಳೀ ಅಕ್ಷರಕ್ಕೆ ಗುಲಾಬಿ ಬಣ್ಣ ಬರುತ್ತದೆ. ಹಬ್ಬಕ್ಕೆ ಚೆನ್ನಾಗಿ ಕಾಣಬಹುದು, ಆಮೇಲೆ ಹೋಗುವುದಿಲ್ಲ.

ಇನ್ನು ಸ್ಟಿಕರಿಗೆ ಕ್ಲಿಯರ್ ಕೋಟೂ ಇಲ್ಲ, ಕಾರ್ಖಾನೆಯ ಒಲೆಯಲ್ಲಿ ಕಾಯ್ದ ಗಟ್ಟಿತನವೂ ಇಲ್ಲ. ಕಾಂಪೌಂಡ್ ತಾಗಿದರೆ ಹೊಳಪಿನ ಸ್ಟಿಕರ್ ಮಂಕಾಗುತ್ತದೆ, ಮ್ಯಾಟ್ ಸ್ಟಿಕರಿನ ಮೇಲೆ ಅಲ್ಲಲ್ಲಿ ಎಣ್ಣೆ ಕಲೆಯ ಹಾಗೆ ಹೊಳಪು ಮೂಡುತ್ತದೆ. ಮಿಷನ್ನಿನಲ್ಲಿ ಪ್ರಿಂಟ್ ಮಾಡಿದ ದೇವರ ಚಿತ್ರ, ಸಿನಿಮಾ ನಟರ ಚಿತ್ರಗಳ ಮೇಲೆ ಲ್ಯಾಮಿನೇಷನ್ ಇಲ್ಲದಿದ್ದರೆ ಚಿತ್ರದ ಮಸಿಯೇ ಬಟ್ಟೆಗೆ ಬರುತ್ತದೆ. ಆಂಜನೇಯನ ಗದೆ ಅಳಿಸಿಹೋದ ಆಟೋ ಒಂದನ್ನು ನಾವೇ ಕಣ್ಣಾರೆ ನೋಡಿದ್ದೇವೆ.

ಅರ್ಧ ಬೆರಳಿನ ಜಾಗ

ಈಗ ಅಂಚಿನ ವಿಷಯಕ್ಕೆ ಬರೋಣ. ಸ್ಟಿಕರಿನ ಅಂಚು ಕಣ್ಣಿಗೆ ಕಾಣದ ಒಂದು ಮೆಟ್ಟಿಲು. ಉಗುರು ಆಡಿಸಿದರೆ ತಡೆಯುತ್ತದೆ ನೋಡಿ, ಅದೇ. ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತುವ ಚಕ್ರ ಬಣ್ಣದ ಕಡೆಯಿಂದ ಬಂದು ಈ ಮೆಟ್ಟಿಲಿಗೆ ಗುದ್ದಿದಾಗ ಎರಡು ಆಗುತ್ತವೆ. ಒಂದು, ಉಜ್ಜುವ ಬಿಸಿಗೆ ಅಂಟು ಮೆತ್ತಗಾಗಿ ಅಂಚು ಏಳುತ್ತದೆ. ಎರಡು, ಚಕ್ರದಲ್ಲಿರುವ ಕಾಂಪೌಂಡು ಆ ಸಂದಿಗೆ ಹೊಕ್ಕು ಒಣಗಿ ಬಿಳೀ ಗೆರೆಯಾಗಿ ಕೂರುತ್ತದೆ. ಮೂಲೆ ಚೂಪಾಗಿದ್ದಷ್ಟೂ ಬೇಗ ಏಳುತ್ತದೆ. ಬಲ್ಲ ಸ್ಟಿಕರ್ ಹುಡುಗರು ಪಟ್ಟಿಯ ಮೂಲೆಯನ್ನು ಕತ್ತರಿಯಲ್ಲಿ ಒಂಚೂರು ಗುಂಡಗೆ ಮಾಡುವುದು ಇದಕ್ಕೇ. ನಮ್ಮ ಸಾಹುಕಾರರ 7ಕ್ಕೆ ಮೂರು ಚೂಪು ಮೂಲೆ ಇದ್ದವು, ಪಾಪ.

ಹಾಗಾದರೆ ಪಾಲಿಷ್ ಮಾಡಿಸಲೇಬಾರದೇ? ಮಾಡಿಸಿ. ಆದರೆ ಮಿಷನ್ನು ಸ್ಟಿಕರಿಗೆ ಅರ್ಧ ಬೆರಳು ದೂರದಲ್ಲೇ ನಿಲ್ಲಬೇಕು. ಉಳಿದ ಅರ್ಧ ಬೆರಳಿನ ಜಾಗ ಕೈಕೆಲಸ. ಇದೊಂದು ಮಾತನ್ನು ಗಾಡಿ ಬಿಡುವಾಗಲೇ ಹೇಳಿ, ಎದುರಿಗೆ ನಿಂತು ಹೇಳಿ. ಸಂಜೆ ಗಾಡಿ ತರೋಕೆ ಹೋದಾಗ ಹೇಳಿದರೆ ಪ್ರಯೋಜನವಿಲ್ಲ.

ಕೆಲಸದ ಕ್ರಮ ಹೀಗೆ. ಗಾಡಿಯನ್ನು ನೆರಳಿಗೆ ತಂದು ತಗಡು ತಣ್ಣಗಾಗಲು ಬಿಡಬೇಕು. ನೀರು ಹೊಡೆದು, ಗಾಡಿಗೆಂದೇ ಮಾರುವ ಶಾಂಪೂ ಹಾಕಿ ಮಣ್ಣು ತೊಳೆಯಬೇಕು. ಬಟ್ಟೆ ತೊಳೆಯುವ ಪುಡಿ ಬೇಡ. ನಮ್ಮ ಊರಿನ ಧೂಳಿನಲ್ಲಿ ಮರಳಿನ ಕಣ ಇರುತ್ತದೆ; ತೊಳೆಯದೆ ಒಣ ಬಟ್ಟೆಯಲ್ಲಿ ಒರೆಸಿದರೆ ಅದೇ ಗೀರು. ಅಂಚಿನ ಕರೀ ಗೆರೆಗೆ ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು ಸಾಕು. ಬ್ರಷ್ಷನ್ನು ಅಂಚಿನ ಉದ್ದಕ್ಕೆ ಆಡಿಸಬೇಕು, ಅಂಚಿಗೆ ಎದುರಾಗಿ ತಳ್ಳಬಾರದು. ಆಮೇಲೆ ಮಾಸ್ಕಿಂಗ್ ಟೇಪು. ಸ್ಟಿಕರಿನ ಅಂಚು ಪೂರ್ತಿ ಮುಚ್ಚಿ, ಬಣ್ಣದ ಮೇಲೂ ಒಂದೆರಡು ಮಿಲಿಮೀಟರ್ ಬರುವ ಹಾಗೆ ಹಚ್ಚಬೇಕು. ಫೋನ್ ನಂಬರಿನಂಥ ಸಣ್ಣ ಅಕ್ಷರವಾದರೆ ಇಡೀ ಸಾಲಿಗೇ ಪೇಪರ್ ಇಟ್ಟು ಸುತ್ತ ಟೇಪು ಹಾಕಿಬಿಡಿ. ಅಂಗಡಿಯಲ್ಲಿ ಡಬ್ಬಕ್ಕೆ ಹಾಕುವ ಕಂದು ಟೇಪನ್ನು ಮಾತ್ರ ಹಚ್ಚಬೇಡಿ. ಕೀಳುವಾಗ ಸ್ಟಿಕರನ್ನೂ ಕರೆದುಕೊಂಡು ಬರುತ್ತದೆ.

ಮಿಷನ್ನಿನಲ್ಲೂ ಎರಡು ಬಗೆ ಇದೆ. ನೆಟ್ಟಗೆ ಒಂದೇ ಸಮ ಸುತ್ತುವುದು ಬೇಗ ಕೆಲಸ ಮುಗಿಸುತ್ತದೆ, ಬೇಗ ಬಿಸಿಯೂ ಮಾಡುತ್ತದೆ. ಸುತ್ತುತ್ತಾ ಅಲ್ಲಾಡುವ ಜಾತಿ ನಿಧಾನ, ಆದರೆ ಕೈತಪ್ಪಿದರೂ ಅನಾಹುತ ಕಡಿಮೆ. ಯಾವುದೇ ಆದರೂ ಒಂದೇ ಕಡೆ ನಿಲ್ಲಿಸಬಾರದು. ಟೇಪು ತೆಗೆದ ಮೇಲೆ ಉಳಿದ ಅಂಚಿನ ಜಾಗಕ್ಕೆ ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ, ಅವರೆಕಾಳಿನಷ್ಟು ಪಾಲಿಷ್ ತೆಗೆದುಕೊಂಡು, ಸ್ಟಿಕರಿನ ಉದ್ದಕ್ಕೆ ಇಲ್ಲವೇ ಸ್ಟಿಕರಿನಿಂದ ಹೊರಕ್ಕೆ ಒರೆಸಬೇಕು. ಹೊರಗಿನಿಂದ ಸ್ಟಿಕರಿನ ಕಡೆಗೆ ಒರೆಸಿದರೆ ಅಂಚಿನ ಕೆಳಗೆ ತಳ್ಳಿದ ಹಾಗೆ. ಇಷ್ಟಕ್ಕೆ ಒಂದು ಓಮ್ನಿಗೆ ಅರ್ಧ ಗಂಟೆ ಹೆಚ್ಚು ಹಿಡಿದೀತು. ಹಬ್ಬದ ಹೊತ್ತಿನಲ್ಲಿ ಹತ್ತು ಗಾಡಿ ಸಾಲಾಗಿ ನಿಂತಿರುವಾಗ ಪಾಲಿಷ್ ಹುಡುಗ ಆ ಅರ್ಧ ಗಂಟೆಯನ್ನು ಸುಮ್ಮನೆ ಕೊಡುವುದಿಲ್ಲ. ಅವನ ಕೂಲಿ ಗಾಡಿ ಲೆಕ್ಕದ್ದು, ಗಂಟೆ ಲೆಕ್ಕದ್ದಲ್ಲ. ಆದ್ದರಿಂದ ಅದಕ್ಕೊಂದಿಷ್ಟು ಸೇರಿಸಿ ಕೊಡಿ, ಕೊಡುತ್ತೇವೆಂದು ಮೊದಲೇ ಹೇಳಿ.

ಪಾಲಿಷ್ ಮುಗಿದ ಮೇಲೆ ಬಣ್ಣಕ್ಕೆ ವ್ಯಾಕ್ಸ್. ಇದು ನಿಜವಾಗಿ ಮೇಲೆ ಬಳಿಯುವ ಸಾಮಾನು. ನೀರು, ಧೂಳು, ಹಕ್ಕಿಯ ಹಿಕ್ಕೆಯಿಂದ ಕೆಲವು ವಾರ ಕಾಪಾಡುತ್ತದೆ. ವರ್ಷಗಟ್ಟಲೆ ಬರುತ್ತದೆ ಅಂತ ಯಾರಾದರೂ ವ್ಯಾಕ್ಸಿಗೆ ಗ್ಯಾರಂಟಿ ಕೊಟ್ಟರೆ ನಕ್ಕು ಮುಂದೆ ಹೋಗಿ. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ. ಸೀಮೆಎಣ್ಣೆ ವಾಸನೆ ಹೊಡೆದರೆ ಅದನ್ನು ಸ್ಟಿಕರಿನ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕನ್ನೂ ಅಂಟನ್ನೂ ಮೆತ್ತಗೆ ಮಾಡುತ್ತದೆ. ಮ್ಯಾಟ್ ಸ್ಟಿಕರಿಗಂತೂ ಯಾವ ವ್ಯಾಕ್ಸೂ ಬೇಡ.

ಹೊಸದಾಗಿ ಸ್ಟಿಕರ್ ಹಾಕಿಸುವವರು ನಮ್ಮಲ್ಲಿ ಉಲ್ಟಾ ಮಾಡುತ್ತಾರೆ. ಮೊದಲು ಸ್ಟಿಕರ್, ಹಬ್ಬಕ್ಕೆ ಪಾಲಿಷ್. ಮೊದಲು ಪಾಲಿಷ್ ಆಗಬೇಕು, ಆಮೇಲೆ ಜಿಡ್ಡು ಪೂರ್ತಿ ತೆಗೆಯಬೇಕು, ಆಮೇಲೆ ಸ್ಟಿಕರ್, ಕಟ್ಟಕಡೆಗೆ ವ್ಯಾಕ್ಸ್. ವ್ಯಾಕ್ಸ್ ಮೆತ್ತಿದ ತಗಡಿನ ಮೇಲೆ ಅಂಟು ಹಿಡಿಯುವುದಿಲ್ಲ. ಜಿಡ್ಡು ತೆಗೆಯಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ಸಾಕು. ಹತ್ತಿರ ಬೀಡಿ ಹಚ್ಚಬೇಡಿ ಅಷ್ಟೆ. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯಾದರೆ ಕೆಲವು ವಾರ ತಡೆಯಬೇಕು. ಒಳಗಿನ ಥಿನ್ನರ್ ಆವಿ ಇನ್ನೂ ಹೊರಗೆ ಬರುತ್ತಿರುತ್ತದೆ. ಅದರ ಮೇಲೆ ಸ್ಟಿಕರ್ ಮುಚ್ಚಿದರೆ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ.

ಪೂಜೆ ಮುಗಿದ ಮೇಲೆ

ಆಯುಧಪೂಜೆಯ ದಿನ ಗಾಡಿಗೆ ಆಗುವುದನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಮೈತುಂಬ ಅರಿಶಿನ, ಕುಂಕುಮ, ಬಾಳೆಕಂದು ನಿಲ್ಲಿಸಲು ಸೆಲ್ಲೋಟೇಪು, ಮೇಲಿಂದ ಎಳನೀರು. ಅರಿಶಿನ ಗಟ್ಟಿ ಬಣ್ಣದ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ, ಆದರೆ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ನೋಡಿದ ಯಾವ ತಾಯಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಳೀ ಸ್ಟಿಕರಿನ ಮೇಲೆ ಹಳದಿ ಉಳಿಯಿತೆಂದು ಕಾಂಪೌಂಡು ಹಾಕಿ ತಿಕ್ಕುತ್ತಾರೆ. ಹಳದಿಯ ಜೊತೆ ಹೊಳಪೂ ಹೋಗುತ್ತದೆ. ಅರಿಶಿನದ ಬಣ್ಣಕ್ಕೆ ಬಿಸಿಲೇ ಶತ್ರು. ಸೋಪು ನೀರಿನಲ್ಲಿ ತೊಳೆದು ಕೆಲವು ದಿನ ಬಿಸಿಲಿನಲ್ಲಿ ಓಡಾಡಿಸಿ, ತಾನೇ ಮಾಸುತ್ತದೆ. ಕುಂಕುಮ ಹಾಗಲ್ಲ. ಅದನ್ನು ಅವತ್ತೇ ಸಂಜೆ ತೊಳೆಯಬೇಕು. ನಮ್ಮ ಸಲಹೆ: ಪೂಜೆಯ ಬೊಟ್ಟನ್ನು ಗಾಜಿಗೆ, ನಂಬರ್ ಪ್ಲೇಟಿನ ಮೇಲ್ಗಡೆಯ ಬಣ್ಣಕ್ಕೆ ಇಡಿ, ಸ್ಟಿಕರಿನ ಮೇಲೆ ಬೇಡ. ದೇವರು ಬೇಜಾರು ಮಾಡಿಕೊಳ್ಳಲಾರ.

ವಾಟರ್ ಸರ್ವಿಸ್‌ಗೆ ಬಿಟ್ಟಾಗಲೂ ಕಣ್ಣಿರಲಿ. ಪ್ರೆಷರ್ ಗನ್ನನ್ನು ಸ್ಟಿಕರಿನಿಂದ ಒಂದಡಿಗಿಂತ ಹೆಚ್ಚು ದೂರ, ನೆಟ್ಟಗೆ ಎದುರಿಗೆ ಹಿಡಿಯಬೇಕು. ಓರೆಯಾಗಿ ಅಂಚಿಗೆ ಹಿಡಿದರೆ ನೀರೇ ಚಾಕು. ತೊಳೆದ ಮೇಲೆ ಹೊಳಪಿಗೆ ಅಂತ ಡೀಸೆಲ್ ಒರೆಸುವ ರೂಢಿ ಎಲ್ಲಾದರೂ ಇದ್ದರೆ ಸ್ಟಿಕರ್ ಇರುವ ಗಾಡಿಗೆ ಅದು ಬೇಡವೇ ಬೇಡ.

ಬಸ್ಸಿನ ಮೈಮೇಲೆ ಹಳೇ ಹೆಸರು

ಇಷ್ಟು ಹೊತ್ತು ಅಂಗಡಿಯವರ ಮಾತಾಯಿತು. ಬಸ್ಸಿಗೆ ಕಾಯುವವರು ಇದೆಲ್ಲ ನಮಗೇಕೆ ಅನ್ನಬಹುದು. ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಓರೆ ಬಿಸಿಲು ಬೀಳುವಾಗ ನಿಂತ ಬಸ್ಸುಗಳ ಮಗ್ಗುಲನ್ನು ಒಮ್ಮೆ ನೋಡಿ. ಈಗಿನ ಹೆಸರಿನ ಹಿಂದೆ ಇನ್ನೊಂದು ಹೆಸರು ಮಸುಕಾಗಿ ಕಾಣುತ್ತದೆ. ಹಿಂದಿನ ಮಾಲೀಕರ ಹೆಸರು ಅದು. ಸ್ಟಿಕರ್ ಕಿತ್ತು ವರ್ಷವಾದರೂ ದೆವ್ವದ ಹಾಗೆ ಅಲ್ಲೇ ಇದೆ. ಕಾರಣ ಸರಳ: ಅಕ್ಷರದ ಕೆಳಗಿನ ಬಣ್ಣ ಬಿಸಿಲು ಕಂಡಿಲ್ಲ, ಸುತ್ತಲಿನದು ಬಿಸಿಲಿಗೆ ಮಾಸಿದೆ. ಕೆಂಪು ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ಸುತ್ತಲಿನ ಮಾಸಿದ ಪದರವನ್ನು ಪಾಲಿಷ್ ಮಾಡಿ ತೆಗೆದರೆ ಬಹಳಷ್ಟು ಸರಿಹೋಗುತ್ತದೆ. ಮಾಸುವಿಕೆ ಆಳಕ್ಕೆ ಇಳಿದಿದ್ದರೆ ಮತ್ತೆ ಬಣ್ಣ ಹೊಡೆಸುವುದೇ ದಾರಿ.

ಹಳೇ ಸ್ಟಿಕರ್ ಕೀಳುವ ರೀತಿಯೂ ಇದರಲ್ಲಿ ಸೇರಿದೆ. ಪಾಲಿಷ್‌ಗೆ ನೆರಳು ಬೇಕು, ಕೀಳಲು ಬಿಸಿಲು ಬೇಕು. ಮಧ್ಯಾಹ್ನ ತಗಡು ಬೆಚ್ಚಗಾದಾಗ ಒಂದು ಮೂಲೆ ಎತ್ತಿ, ಸ್ಟಿಕರನ್ನು ಅದರ ಮೇಲೇ ಮಡಚಿದ ಹಾಗೆ ನಿಧಾನ ಎಳೆಯಬೇಕು. ಮಳೆಗಾಲವಾದರೆ ತಲೆಗೂದಲು ಒಣಗಿಸುವ ಮಿಷನ್ ಆದೀತು. ಕಬ್ಬಿಣದ ಬ್ಲೇಡು ಬೇಡ, ಹಳೇ ಎ.ಟಿ.ಎಂ. ಕಾರ್ಡಿನಂಥದ್ದು ಇರಲಿ. ಉಳಿದ ಅಂಟಿಗೆ ಮೇಲೆ ಹೇಳಿದ ಆಲ್ಕೊಹಾಲ್ ಹಾಕಿ. ಥಿನ್ನರ್ ಹಾಕಿದರೆ ಗ್ಯಾರೇಜಿನ ಬಣ್ಣ ಅಂಟಿನ ಜೊತೆಗೇ ಇಳಿದು ಬರುತ್ತದೆ.

ಹಳೇ ಗಾಡಿ ಕೊಳ್ಳುವವರಿಗೆ ಒಂದು ಮಾತು. ಸ್ಟಿಕರನ್ನು ಗಾಡಿಯ ಮೇಲೇ ಇಟ್ಟು ಬ್ಲೇಡಿನಲ್ಲಿ ಕತ್ತರಿಸುವ ಆತುರಗಾರರು ಇದ್ದಾರೆ. ಹಾಳೆ ಕುಯ್ಯುವ ಕೈ ಸ್ವಲ್ಪ ಭಾರವಾದರೂ ಬಣ್ಣವನ್ನೂ ಕುಯ್ದು ತಗಡು ಮುಟ್ಟುತ್ತದೆ. ಸ್ಟಿಕರ್ ಇರುವವರೆಗೆ ಯಾರಿಗೂ ಕಾಣದು. ಆ ಗೀರಿನಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ, ಸ್ಟಿಕರಿನ ಅಂಚಿನಗುಂಟ ದಾರದಂಥ ಕಂದು ಗೆರೆ. ಅಗಲವಾದ ಪಟ್ಟಿ ಇರುವ ಗಾಡಿಯನ್ನು ಕೊಳ್ಳುವ ಮುಂಚೆ ಪಟ್ಟಿಯ ಅಂಚಿನಲ್ಲಿ ಬೆರಳಾಡಿಸಿ ನೋಡಿ. ಅದನ್ನು ಯಾವ ಪಾಲಿಷೂ ಮುಚ್ಚುವುದಿಲ್ಲ.

ಬಸ್ಸಿಗೆ ಕಾಯುತ್ತಾ ನಿಂತ ಬಸ್ಸಿನ ಸ್ಟಿಕರನ್ನು ಉಗುರಿನಲ್ಲಿ ಕೀಳುವ ಮಹಾನುಭಾವರಿಗೂ ಈ ಲೇಖನದಲ್ಲಿ ಜಾಗ ಇದೆ. ‘ಹರಿಹರ’ ಅನ್ನುವ ಬೋರ್ಡಿನ ಮೊದಲ ‘ಹರಿ’ ಹೋಗಿ ಬರೀ ‘ಹರ’ ಉಳಿದದ್ದು ನಿಮ್ಮ ಕೈಚಳಕವೇ.

ಇನ್ನು ಮಂಡಿಪೇಟೆಯ ಸಾಹುಕಾರರ ಸುದ್ದಿ. ಸ್ಟಿಕರ್ ಅಂಗಡಿಯವರು ಹೊಸ 7 ಕತ್ತರಿಸಿ ಅಂಟಿಸಿಕೊಟ್ಟರು. ಹಳೇ ಒಂಬತ್ತು ಅಂಕಿ ಬಿಸಿಲಿಗೆ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿವೆ, 7 ಮಾತ್ರ ಮೆಣಸಿನಕಾಯಿಯ ಹಾಗೆ ಕೆಂಪಗಿದೆ. ಮೊನ್ನೆ ಅಂಗಡಿ ಮುಂದೆ ಗಾಡಿ ನಿಂತಿದ್ದಾಗ ಹುಡುಗನೊಬ್ಬ, “ಅಣ್ಣಾ, ಕೊನೇದನ್ನ ಎರಡು ಸಲ ಒತ್ತಬೇಕಾ?” ಅಂತ ಕೇಳಿದನಂತೆ. ಈ ಸಲದ ಪಾಲಿಷ್‌ಗೆ ಸಾಹುಕಾರರು ತಾವೇ ಹೋಗುತ್ತಾರಂತೆ. ಮಾಸ್ಕಿಂಗ್ ಟೇಪಿನ ಎರಡು ಸುರುಳಿ ಈಗಲೇ ಗಲ್ಲಾಪೆಟ್ಟಿಗೆಯ ಪಕ್ಕ ಬಂದು ಕೂತಿವೆ.